ಆನೆಗೆಂದು ಬಿಟ್ಟ ಸಂದು

ಈ ಚಳಿಗಾಲವೆಲ್ಲ ಶನಿವಾರ ಬಂತೆಂದರೆ ನಾನೂ ನನ್ನ ಗಂಡನೂ ಹೊಸೂರಿನಿಂದ ವ್ಯಾನು ಹೊರಡಿಸುತ್ತಿದ್ದೆವು. ಹಳೆಯ ವ್ಯಾನು, ಒಳಗೆ ಮಲಗಲು ಹಲಗೆ, ಗ್ಯಾಸ್ ಒಲೆ, ನೆತ್ತಿಯ ಮೇಲೆ ಬಿಚ್ಚಿ ಹರಡುವ ಟಾರ್ಪಾಲು. ಡೆಂಕಣಿಕೋಟೆ ದಾಟಿದರೆ ಕಾಡಂಚಿನಲ್ಲಿ ಪರಿಚಯದ ರೈತರೊಬ್ಬರ ಹೊಲ. ಅಲ್ಲಿನ ಬಂಡೆಯ ಮೇಲೆ ವ್ಯಾನು ನಿಲ್ಲಿಸಿ ದುರ್ಬೀನು ಹಿಡಿದು ಕೂರುತ್ತಿದ್ದೆವು. ನವಿಲು, ಮೊಲ, ಒಮ್ಮೆ ಮರಿಗಳೊಂದಿಗೆ ಕಾಡುಹಂದಿ. ಆನೆಗಳು ದೂರದ ಗುಡ್ಡದಲ್ಲಿ ಮಾತ್ರ.

"ಊರಾಗೆ ತಾರಸಿ ಮನೆ ಇಟ್ಕಂಡು ಡಬ್ಬದಾಗೆ ಮನೀಕಳಾಕೆ ಬತ್ತೀರಲ್ಲ ಮೇಡಂ" ಎಂದು ರೈತರು ಪ್ರತಿ ವಾರ ನಗುತ್ತಿದ್ದರು.

ಅವರ ಹೊಲದ ಸುತ್ತ ಮುಳ್ಳುಬೇಲಿ. ಕಾಡಿನ ಕಡೆ ಒಂದು ಸಂದನ್ನು ಬೇಕೆಂದೇ ಮುಚ್ಚದೆ ಬಿಟ್ಟಿದ್ದರು. ಆನೆ ಹೇಗೂ ಬರುತ್ತದೆ, ಹೋಗಲು ದಾರಿಯಿದ್ದರೆ ಉಳಿದದ್ದನ್ನು ತುಳಿಯದೆ ಹೋಗುತ್ತದೆ ಎನ್ನುತ್ತಿದ್ದರು. ಅದನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ ಕೂಡ.

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಎಲ್ಲ ಕಟ್ಟಿಕೊಂಡು ಹೊರಡಬೇಕಿತ್ತು. ಬಂಡೆ ಓರೆ. ಟಾರ್ಪಾಲು ಮಡಿಸಲು ಸಮನೆಲ ಬೇಕು, ಅದಿದ್ದದ್ದು ಆ ಸಂದಿನಲ್ಲೇ. "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೈಬೀಸಿ ವ್ಯಾನನ್ನು ಹಿಂದಕ್ಕೆ ಕರೆದವಳು ನಾನು. ಅದು ಸಂದಿಗೆ ಅಡ್ಡಲಾಗಿ, ಅಳತೆ ಕೊಟ್ಟು ಮಾಡಿಸಿದ ಬಾಗಿಲಿನಂತೆ ಕೂತಿತು.

ಗಂಡ ವ್ಯಾನಿನ ನೆತ್ತಿ ಹತ್ತಿ ಟಾರ್ಪಾಲಿನ ಹಗ್ಗ ಬಿಚ್ಚುತ್ತಿದ್ದರು. ನಾನು ಹೊಲದ ನೀರಿನ ತೊಟ್ಟಿಯ ಬಳಿ ಪಾತ್ರೆ ತೊಳೆಯುತ್ತಿದ್ದೆ. ಹೊಲದೊಳಗಿನ ಮಾವಿನ ತೋಪಿನಿಂದ ಒಂದು ಆನೆ ಹೊರಬಂತು. ರಾತ್ರಿ ನುಗ್ಗಿದ್ದು, ಕಾಡಿಗೆ ಹಿಂದಿರುಗದೆ ಉಳಿದಿತ್ತು. ಅದು ನೇರವಾಗಿ ತನ್ನ ದಾರಿ ಹಿಡಿದು ನಡೆಯಿತು. ದಾರಿಯಲ್ಲಿ ನಮ್ಮ ವ್ಯಾನು, ವ್ಯಾನಿನ ಮೇಲೆ ನನ್ನ ಗಂಡ.

ನಾನು ಬಾಯಿ ತೆರೆಯುವಷ್ಟರಲ್ಲಿ ರೈತರು ನನ್ನ ತೋಳು ಹಿಡಿದರು.

"ಅರಚಬ್ಯಾಡಿ ಅಮ್ಮಾ. ಗಾಬರಿಯಾದ್ರೆ ಗಾಡಿಗೇ ಗುದ್ದುತ್ತೆ. ಅದ್ರ ದಾರ್ಯಾಗೇ ನಿಲ್ಸವ್ರಲ್ಲ, ಓದಿದೋರು!"

ಆನೆ ವ್ಯಾನಿನ ಪಕ್ಕೆಗೆ ಹಣೆಯಿಟ್ಟು ತಳ್ಳಿತು. ಒಂದು ಕಡೆಯ ಚಕ್ರಗಳು ಎದ್ದು, ಮತ್ತೆ ಕೂತವು. ತಗಡು ಕರಕರ ಎಂದಿತು. ಈಗಲೂ ಕ್ಲಾಸಿನಲ್ಲಿ ಯಾರಾದರೂ ಬೆಂಚು ಎಳೆದರೆ ನನಗೆ ಪಾಠದ ಮಾತು ಮರೆತುಹೋಗುತ್ತದೆ. ಗಂಡ ಮೇಲೆ ಬೋರಲಾಗಿ ಮಲಗಿದ್ದರು, ಹಗ್ಗ ಹಿಡಿದ ಬೆರಳುಗಳಷ್ಟೇ ಕಾಣುತ್ತಿದ್ದವು.

ಅಷ್ಟರಲ್ಲಿ ರೈತರು ಬೇಲಿಯ ಗುಂಟ ಬಗ್ಗಿಕೊಂಡು ಎಲೆಕೋಸು ಬೆಳೆದಿದ್ದ ಕಡೆ ಓಡಿದ್ದರು. ಅಲ್ಲಿ ಕಾಡಿನ ಕಡೆ ಬೇಲಿಗೆ ಅಡ್ಡ ಕಟ್ಟಿದ್ದ ಬಿದಿರ ಗಳುಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಬೀಳಿಸಿ ದೂರ ಸರಿದರು. ಸದ್ದಿಗೆ ಆನೆ ತಿರುಗಿತು. ಸೊಂಡಿಲೆತ್ತಿ ಗಾಳಿ ಮೂಸಿತು. ಆಮೇಲೆ, ಮುಂದಿನ ವಾರ ಸಂತೆಗೆ ಹೋಗಬೇಕಿದ್ದ ಕೋಸಿನ ಸಾಲುಗಳನ್ನು ತುಳಿದುಕೊಂಡು ಹೊಸ ದಾರಿಯಿಂದ ಕಾಡಿಗೆ ಹೋಯಿತು.

ಗಂಡ ಇಳಿದು ಬಂದರು. "ರೆಪ್ಪೆಕೂದಲು ಕಾಣ್ತಿತ್ತು ಕಣೇ, ಅಷ್ಟು ಹತ್ತಿರ" ಎಂದು ನಕ್ಕರು. ಅಲ್ಲೇ ನೆಲದ ಮೇಲೆ ಕೂತರು.

ಕೋಸಿನ ನಷ್ಟ ನಾವೇ ಕೊಡುತ್ತೇವೆ ಎಂದು ನಾನು ಹೇಳತೊಡಗಿದೆ. ರೈತರು ಕೇಳಿಸಿಕೊಳ್ಳಲಿಲ್ಲ. "ಅದಿರ್ಲಿ ಬುಡಿ. ಮೊದ್ಲು ಗಾಡಿ ತೆಗೀರಿ. ತೋಪ್ನಾಗೆ ಇನ್ನೊಂದೈತೆ."

ಗಂಡನನ್ನು ಎಬ್ಬಿಸಿ ಪಕ್ಕದ ಸೀಟಿಗೆ ಹತ್ತಿಸಿದೆ. ಬೀಗದ ಕೈ ನಾನೇ ತೆಗೆದುಕೊಂಡೆ. ಗೇರು ಎರಡು ಸಲ ತಪ್ಪಿತು. ವ್ಯಾನು ಸಂದಿನಿಂದ ಈಚೆ ಬಂದ ಮೇಲೆ ಡೆಂಕಣಿಕೋಟೆಯ ಬಸ್ ಸ್ಟ್ಯಾಂಡ್ ತಲುಪುವ ತನಕ ಎಲ್ಲಿಯೂ ನಿಲ್ಲಿಸಲಿಲ್ಲ.