ದೊಡ್ಡ ಪುಸ್ತಕ ಒಡೆದ ನರ್ಸಮ್ಮ

ಮೊನ್ನೆ ಮೊಮ್ಮಗಳು ಶಾಲೆ ಪುಸ್ತಕಕ್ಕೆ ರಟ್ಟು ಅಂಟಿಸೋಕೆ ಅಂತ ಮೈದಾ ಗಂಜಿ ಕಾಯಿಸುತ್ತಿದ್ದಳು. ತಳ ಹಿಡಿಸಿಬಿಟ್ಟಳು. ಬೈಯೋಣ ಅಂತ ಅಡುಗೆಮನೆಗೆ ನುಗ್ಗಿದವಳು ಆ ವಾಸನೆಗೆ ಬೈಯೋದನ್ನೇ ಮರೆತು ನಿಂತೆ. ಸೀದ ಮೈದಾ, ಹುಳ ಹಿಡೀದಿರಲಿ ಅಂತ ಹಾಕಿದ ಮೈಲುತುತ್ತದ ಚೂರು... ಇದೇ ವಾಸನೆ ಒಂದು ಕಾಲಕ್ಕೆ ನಮ್ಮೂರಿನ ಹೆಲ್ತ್ ಸೆಂಟರಿನ ಜಗುಲಿ ತುಂಬ ಇರುತ್ತಿತ್ತು.

ಅಲ್ಲಿ ಗಂಜಿ ಕಾಯಿಸುತ್ತಿದ್ದವರು ನಮ್ಮ ನರ್ಸಮ್ಮ. ಅವರ ಹೆಸರು ನನಗೆ ಗೊತ್ತು, ಬರೆಯೋದಿಲ್ಲ. ಊರಲ್ಲಿ ಯಾರೂ ಹೆಸರು ಹಿಡಿದು ಕರೀಲಿಲ್ಲ. ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷ ಆಗಿತ್ತು. ಮಿಡಿಗೇಶಿ ಕಡೆಯ ನಮ್ಮೂರಿಗೆ ಅವರು ಬಂದರು. ನಾನು ಅಲ್ಲಿ ಆಯಾ. ಗಂಡ ಸತ್ತಿದ್ದ, ಮೂರನೇ ಕ್ಲಾಸು ಓದಿದ್ದೆ, ಅಷ್ಟಕ್ಕೆ ಸಿಕ್ಕಿದ ಕೆಲಸ. ಗುಡಿಸೋದು, ಸೂಜಿ ಕುದಿಸೋದು, ಮದ್ದಿನ ಫ್ಲಾಸ್ಕು ಹೊತ್ತುಕೊಂಡು ಅವರ ಹಿಂದೆ ನಡೆಯೋದು.

ಸೆಂಟರಿನಲ್ಲಿ ಒಂದು ದೊಡ್ಡ ಪುಸ್ತಕ ಇತ್ತು. ಒಂಬತ್ತು ಊರಿನ ಎಲ್ಲಾ ಸಂಗತಿಯೂ ಅದರಲ್ಲೇ. ಮನೆಗೊಂದು ಸಾಲು. ಆ ಸಾಲಿನಲ್ಲೇ ಮನೇಲಿ ಯಾರಿದ್ದಾರೆ, ಯಾರು ಬಸುರಿ, ಯಾವ ಮಗುವಿಗೆ ಸೂಜಿ ಆಯಿತು, ಯಾರಿಗೆ ಜ್ವರ, ಬಾವಿಗೆ ಪೌಡರ್ ಬಿತ್ತೋ ಇಲ್ಲವೋ... ಮೇಲಿನವರು ಹೊಸದಾಗಿ ಏನಾದರೂ ಕೇಳಿದಾಗಲೆಲ್ಲ ಹಿಂದಿನ ನರ್ಸುಗಳು ಬಲಗಡೆಗೆ ಒಂದೊಂದು ಕಾಗದದ ಪಟ್ಟಿ ಅಂಟಿಸುತ್ತಾ ಹೋಗಿದ್ದರು. ಬಿಚ್ಚಿದರೆ ಸೀರೆ ಒಣಹಾಕಿದ ಹಾಗೆ. ಒಬ್ಬರು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಬರೆಯಬೇಕು. ಇಲ್ಲಿ ತಿದ್ದಿದರೆ ಅಲ್ಲಿ ಕೆಡೋದು. ಒಂದು ಮನೆ ಬಿದ್ದುಹೋಯಿತು ಅಂತ ಆ ಸಾಲು ಹೊಡೆದುಹಾಕಿದರೆ ಅದರೊಳಗಿದ್ದ ಮಕ್ಕಳ ಸೂಜಿಯೂ ಅದರ ಜೊತೆಗೇ ಹೋಗೋದು. ಮಕ್ಕಳು ಪಕ್ಕದ ಬೀದೀಲಿ ಬುಗುರಿ ಆಡ್ತಾ ಇರೋವು, ಪುಸ್ತಕದಲ್ಲಿ ಇಲ್ಲ.

ತಿಂಗಳ ಕೊನೆಗೆ ಅದನ್ನೆಲ್ಲ ಕೂಡಿ ಒಂದು ಹಾಳೆಗೆ ಇಳಿಸಿ ಬಸ್ಸಿನಲ್ಲಿ ಮೇಲಿನ ಆಫೀಸಿಗೆ ಕಳಿಸಬೇಕು. ಅಲ್ಲಿ ಇನ್ನೊಂದು ಹಾಳೆಗೆ, ಅಲ್ಲಿಂದ ತುಮಕೂರಿಗೆ, ಆಮೇಲೆ ಬೆಂಗಳೂರಿಗೆ. ಎಷ್ಟು ತಲೆ ಮೇಲಕ್ಕೆ ಹೋದವೋ ಅಷ್ಟೇ ಮದ್ದು ಕೆಳಕ್ಕೆ ಬರೋದು.

ಈಗ ನನ್ನ ತಪ್ಪು ಹೇಳುತ್ತೇನೆ. ಮುಚ್ಚಿಟ್ಟುಕೊಂಡು ಏನು ಮಾಡಲಿ.

ನಮ್ಮದು ಕುರಿ ಕಾಯುವವರ ಹಟ್ಟಿ, ಸುತ್ತ ಮುಳ್ಳುಬೇಲಿ. ನಮ್ಮಲ್ಲಿ ಹೆತ್ತವಳು ಹಟ್ಟಿಯೊಳಗೆ ಇರುವ ಹಾಗಿಲ್ಲ. ಬೇಲಿಯ ಹಿಂದೆ ಒಂದು ಗುಡ್ಲು, ಅದರಲ್ಲಿ ಮಗು ಕಟ್ಟಿಕೊಂಡು ತಿಂಗಳೊಪ್ಪತ್ತು ಕಳೀಬೇಕು. ನರ್ಸಮ್ಮನನ್ನೂ ಒಳಗೆ ಬಿಡುತ್ತಿರಲಿಲ್ಲ, ಅದು ಅವರ ಜಾತಿಯ ಕಾರಣಕ್ಕೆ. ಅವರು ಮುಂದುಗಡೆ ಹುಣಸೆಮರದ ಕೆಳಗೆ ಕೂತು ಕೇಳೋರು, ನಾನು ಒಳಗೆ ಒಂದೊಂದು ಬಾಗಿಲಿಗೂ ಹೋಗಿ ಉತ್ತರ ಕೂಗೋಳು. ನಮ್ಮ ಮನೆ ಸಾಲು ಬಂದಾಗ “ಮೈದುನನ ಹೆಂಡತಿ ಇದ್ದಾಳಾ?” ಅಂದರು. “ಇಲ್ಲ” ಅಂದೆ. ನನ್ನ ವಾರಗಿತ್ತಿ ಆಗ ಬಸುರಿ, ಗಂಡನ ಜೊತೆ ಕುರಿ ಹಿಂದೆ ಹೋಗಿದ್ದಳು. ಮುಂದಿನ ಸಲವೂ ಕೇಳಿದರು. “ಇಲ್ಲ” ಅಂದೆ. ಆಗ ಹೆತ್ತು ಗುಡ್ಲಲ್ಲಿ ಕೂತಿದ್ದಳು. ಹೊಸ್ತಿಲ ಮೇಲೆ ನಿಂತು ಗುಡ್ಲಿನವಳ ಮಾತು ಎತ್ತೋದು ನಮ್ಮಲ್ಲಿ ಇಲ್ಲ. ಏಳನೇ ದಿನಕ್ಕೆ ಮಗು ಸೆಟೆದುಕೊಂಡು ಹೋಯಿತು. ಧನುರ್ವಾಯು. ಬಸುರಿಗೆ ಹಾಕಬೇಕಾದ ಸೂಜಿ ಅವಳಿಗೆ ಬಿದ್ದೇ ಇರಲಿಲ್ಲ.

ನರ್ಸಮ್ಮನಿಗೆ ಸುದ್ದಿ ತಲುಪಿದ್ದು ಬೇರೆ ಊರಿನವರ ಬಾಯಿಂದ. ಸೆಂಟರಿಗೆ ಬಂದವರೇ ತಿಂಗಳ ಹಾಳೆ ತೆಗೆದರು. ನಮ್ಮ ಹಟ್ಟೀಲಿ ಹುಟ್ಟಿದ್ದು ಸೊನ್ನೆ, ಸತ್ತಿದ್ದು ಸೊನ್ನೆ. ಎಲ್ಲಾ ಸರಿಯಾಗಿ ತಾಳೆಯಾಗಿತ್ತು.

“ಏನಕ್ಕಾ ಇದು? ಇಲ್ಲ ಅಂತ ಕೂಗಿದ್ದು ನೀವೇ ಅಲ್ವಾ?”

“ಮನೇಲಿದ್ದಾಳಾ ಅಂದ್ರಿ. ಮನೇಲಿರ್ಲಿಲ್ಲ ಕಣಮ್ಮ. ಗುಡ್ಲಲ್ಲಿದ್ಲು.”

ಹಾಳೆ ಮಡಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಇಂಕ ಚಾಲು!” ಅಂದರು. ಪಾವಗಡ ಕಡೆಯವರು, ಸಿಟ್ಟು ಬಂದರೆ ತೆಲುಗೇ ಬರೋದು. ಸಾಕು ಅಂದದ್ದು ನನಗಲ್ಲ, ಆ ಪುಸ್ತಕಕ್ಕೆ.

ಆ ವಾರದಿಂದಲೇ ಗಂಜಿ ಕಾಯಿಸೋಕೆ ಶುರು. ಹಾಳೆ ಕತ್ತರಿಸಿ, ಹೊಲಿದು, ರಟ್ಟು ಅಂಟಿಸಿ ಚಿಕ್ಕ ಪುಸ್ತಕ ಮಾಡಿದರು. ದೊಡ್ಡದನ್ನು ಒಂದೇ ಏಟಿಗೆ ಹರಿದು ಬಿಸಾಕುವ ಹೆಂಗಸಲ್ಲ ಅವರು. ಮೊದಲು ಜ್ವರದ್ದೊಂದನ್ನೇ ಬೇರೆ ಮಾಡಿದರು. ಒಂದು ತಿಂಗಳು ದೊಡ್ಡದರಲ್ಲೂ ಬರೆದರು, ಚಿಕ್ಕದರಲ್ಲೂ ಬರೆದರು, ಎರಡರ ಮೊತ್ತವೂ ಒಂದೇ ಬಂದ ಮೇಲೆ ಮುಂದಿನದಕ್ಕೆ ಕೈ ಹಾಕಿದರು. ಹಿಂಗೆ ಮನೆಗಳದ್ದೊಂದು, ಬಸುರಿ ಬಾಣಂತಿಯರಿಗೊಂದು, ಮಕ್ಕಳಿಗೊಂದು, ಜ್ವರಕ್ಕೊಂದು. ಮನೆ ಪುಸ್ತಕಕ್ಕೆ ಮನೆಯದಷ್ಟೇ ಕೆಲಸ. ಹೆಂಗಸಿಗೆ ಅವಳದೇ ನಂಬರು, ಅವಳು ಕುರಿ ಹಿಂದೆ ಹೋದರೂ, ತವರಿಗೆ ಹೋದರೂ ಆ ನಂಬರು ಅವಳ ಬೆನ್ನಿಗೇ. ಮೇಲಕ್ಕೆ ಕಳಿಸೋ ಹಾಳೆ ಮಾತ್ರ ಹಳೇದೇ.

“ಮೇಲಿನೋರಿಗೆ ಏನೂ ಗೊತ್ತಾಗಬಾರದು ಅಕ್ಕಾ. ಅವರಿಗೆ ಅದೇ ಮಜ್ಜಿಗೆ. ನಾವು ಕಡೆಯೋ ರೀತಿ ಬೇರೆ,” ಅಂತ ನಗೋರು.

ನನಗೂ ಒಂದು ಪುಸ್ತಕ ಕೊಟ್ಟರು, ಬಾಣಂತಿಯರದ್ದು. ಅಕ್ಷರ ಕೋಳಿ ಕೆದರಿದ ಹಾಗೆ ಬರೋದು. “ಓದೋಕೆ ನಾನಿದ್ದೀನಿ, ಬರೀರಿ” ಅಂದರು.

ಮುಂದಿನ ವರ್ಷ ವಾರಗಿತ್ತಿ ಮತ್ತೆ ಬಸುರಿಯಾದಳು. ಪುಸ್ತಕದಲ್ಲಿ ಅವಳ ನಂಬರಿನ ಮುಂದೆ ಸೂಜಿ ಬಾಕಿ ಅಂತ ಇತ್ತು. ನಾವಿಬ್ಬರೂ ಬಿಸಿಲಲ್ಲಿ ಕುರಿಮಂದೆ ಇಳಿದಿದ್ದ ಹೊಲದ ತನಕ ನಡೆದು ಹೋಗಿ ಸೂಜಿ ಹಾಕಿ ಬಂದೆವು. ಹೆಣ್ಣು ಹುಟ್ಟಿತು. ಗುಡ್ಲಲ್ಲೇ. ಒಂಬತ್ತು ದಿನ ಕಳೆದರೂ ಗಟ್ಟಿಮುಟ್ಟಾಗಿತ್ತು.

ಆ ತಿಂಗಳು ಮೊತ್ತ ತಾಳೆಯಾಗಲಿಲ್ಲ. ಇನ್ನೂ ಪೂರ್ತಿ ಬಿಡದಿದ್ದ ದೊಡ್ಡ ಪುಸ್ತಕದಲ್ಲಿ ಮನೆಮನೆ ಕೇಳಿ ಬರೆದದ್ದು ಮೂರು ಮಗು, ನನ್ನ ಪುಸ್ತಕದಲ್ಲಿ ನಾಲ್ಕು. ನರ್ಸಮ್ಮ ನಾಲ್ಕು ಅಂತಲೇ ಬರೆದು ಕಳಿಸಿದರು, ಕೆಳಗೆ ಯಾಕೆ ಅಂತಲೂ ಬರೆದರು. ಮೂರನೇ ದಿನಕ್ಕೆ ಮೇಲಿನ ಆಫೀಸಿನ ಸಾಹೇಬರ ಜೀಪು ಬಂತು.

ಸಾಹೇಬರು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡರು. “ಯಾರ ಪರ್ಮಿಷನ್ ತಗೊಂಡು ಇದನ್ನೆಲ್ಲ ಮಾಡಿದ್ರಿ? ಸರ್ಕಾರದ ರಿಜಿಸ್ಟರ್ ಮೂರು ಅನ್ನುತ್ತೆ. ನಿಮ್ಮ ಆಯಾ ಗೀಚಿರೋದು ನಾಲ್ಕು. ಒಂದನ್ನ ಹೊಡೆದುಹಾಕಿ, ಸರಿಹೋಗುತ್ತೆ. ಈ ಚಿಕ್ಕ ಪುಸ್ತಕಗಳನ್ನ ಒಲೆಗೆ ಹಾಕಿ.”

ಹೊಡೆದುಹಾಕಿದರೆ ಆ ಮಗುವಿನ ಪಾಲಿನ ಮದ್ದು ಬರೋದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

“ಯಾವ ಮಗೂನ ಹೊಡೆದುಹಾಕ್ಲಿ ಸಾರ್? ನೀವೇ ಬಂದು ತೋರಿಸಿ,” ಅಂದರು ನರ್ಸಮ್ಮ. ದನಿ ಏರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಸಾಹೇಬರು ಜೀಪಿನಲ್ಲಿ ಹಿಂದೆ.

ಬೇಲಿಯ ಹಿಂದುಗಡೆ ಗುಡ್ಲು ಕಂಡಾಗ ಸಾಹೇಬರು ದೂರಕ್ಕೇ ನಿಂತರು. “ಇದು ಯಾವ ಮನೆ ನಂಬರಿಗೆ ಬರುತ್ತೆ?”

“ಯಾವುದಕ್ಕೂ ಬರಲ್ಲ ಸಾರ್. ಅದಕ್ಕೇ ನಿಮ್ಮ ಪುಸ್ತಕದಲ್ಲಿ ಇಲ್ಲ.”

“ಮಗು ಎಲ್ಲಿ? ನಾನು ನೋಡಿಲ್ಲವಲ್ಲ.”

ನರ್ಸಮ್ಮ ಮುಂದೆ ಹೋಗುವ ಹಾಗಿಲ್ಲ, ಹಟ್ಟಿ ಗಂಡಸರು ಬೇಲಿ ಪಕ್ಕ ನಿಂತಿದ್ದರು. ಅವರಲ್ಲಿ ನಮ್ಮ ಮಾವನೇ ಹಿರಿಯ. ನಾನು ಫ್ಲಾಸ್ಕು ಕೆಳಗಿಟ್ಟೆ. ಗುಡ್ಲೊಳಕ್ಕೆ ಬಗ್ಗಿ ಹೋಗಿ, ವಾರಗಿತ್ತಿಯ ಮಡಿಲಿಂದ ಮಗುವನ್ನು ಎತ್ತಿಕೊಂಡು ಬಂದು ನರ್ಸಮ್ಮನ ಕೈಲಿಟ್ಟೆ. ಎಲ್ಲರೂ ನೋಡುತ್ತಿದ್ದಂಗೇ.

“ಲೇ! ಸೂತಕದ ಮಗೀನ ಮುಟ್ಬುಟ್ಟೆಯಲ್ಲೇ! ಇನ್ನ ಹಟ್ಟಿಯೊಳಕ್ಕೆ ಕಾಲಿಕ್ಕಬ್ಯಾಡ!” ಅಂತ ಮಾವ ಕಿರುಚಿದ.

“ಇಕ್ಕಾಕಿಲ್ಲ ಬುಡು ಮಾವ! ಹೋದ್ಸಲದ್ದು ಸೆಟ್ಕಂಡು ಹೋದಾಗ ಬಾಯಿ ಬುಡ್ಲಿಲ್ಲ, ಈಗ್ಯಾಕೆ ಕೂಗಾಡ್ತೀಯ?”

ಮಾವನ ಎದುರು ನನ್ನ ಬಾಯಲ್ಲಿ ಏಕವಚನ ಬಂದದ್ದು ಅದೇ ಮೊದಲು. ಬಂದದ್ದಕ್ಕೆ ಇವತ್ತಿಗೂ ನಾಚಿಕೆ ಇಲ್ಲ. ಮಗು ಅಷ್ಟೊತ್ತಿಗೆ ಅಳೋಕೆ ಶುರುಮಾಡಿತು. ನರ್ಸಮ್ಮ ಅದನ್ನು ಸಾಹೇಬರ ಕಡೆಗೆ ಹಿಡಿದು “ಎಣಿಸ್ಕೊಳ್ಳಿ ಸಾರ್” ಅಂದರು. ಸಾಹೇಬರು ಪೆನ್ನು ಕೇಳಿ ಇಸಕೊಂಡು, ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು, ನಾಲ್ಕರ ಪಕ್ಕ ಸಹಿ ಹಾಕಿದರು.

ನನ್ನನ್ನು ಒಳಗೆ ಬಿಡಲಿಲ್ಲ. ಸೂತಕ ಕಳೆಯೋವರೆಗೆ ನಾನೂ ಗುಡ್ಲಲ್ಲೇ ಇದ್ದೆ, ಬೆಳಗ್ಗೆ ಅಲ್ಲಿಂದಲೇ ಎದ್ದು ಕೆಲಸಕ್ಕೆ ಹೋದೆ. “ಅಕ್ಕಾ, ಹೆರದಂಗೇ ಬಾಣಂತಿ ಆಗ್ಬುಟ್ಯಲ್ಲ” ಅಂತ ವಾರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವರ್ಷದಲ್ಲಿ ಅವಳು ನಕ್ಕಿದ್ದು ಅವತ್ತೇ.

ಗೆದ್ದೆವು ಅಂತ ತಿಳೀಬೇಡಿ. ಎರಡು ತಿಂಗಳಿಗೆ ನರ್ಸಮ್ಮನಿಗೆ ಸಿರಾದ ಆಚೆ ಎಲ್ಲಿಗೋ ವರ್ಗ ಆಯಿತು. ಹೇಳದೆ ಕೇಳದೆ ರಿಜಿಸ್ಟರ್ ಬದಲಾಯಿಸಿದರು ಅಂತ ಆರ್ಡರಿನಲ್ಲೇ ಬರೆದಿತ್ತಂತೆ. ಟ್ರಂಕು ಬಸ್ಸಿನ ಮೇಲೆ ಹಾಕಿಸುವಾಗ ನನಗೆ ಹೇಳಿದ್ದು ಒಂದೇ ಮಾತು: “ಅಕ್ಕಾ, ನಿಮ್ಮ ಪುಸ್ತಕ ನಿಲ್ಲಿಸಬೇಡಿ.”

ಹೊಸ ನರ್ಸು ಬಂದಳು, ಚಿಕ್ಕ ಹುಡುಗಿ. ದೊಡ್ಡ ಪುಸ್ತಕ ಎಲ್ಲಿ ಅಂದಳು. ಇಲಿ ತಿಂದ್ವು ಅಂದೆ. ಇಲಿ ತಿಂದಿರಲಿಲ್ಲ, ನಾನೇ ನೀರೊಲೆಗೆ ಒಂದೊಂದೇ ಪಟ್ಟಿ ಹಾಕಿ ಸೂಜಿ ಕುದಿಸಿದ್ದೆ. ಬೇರೆ ದಾರಿ ಕಾಣದೆ ಅವಳು ಚಿಕ್ಕ ಪುಸ್ತಕಗಳಲ್ಲೇ ಬರೆದಳು. ಅವಳಾದ ಮೇಲೆ ಬಂದವಳೂ ಬರೆದಳು. ನಾನು ರಿಟೈರ್ ಆಗೋವರೆಗೂ ನಮ್ಮ ಸೆಂಟರಿನಲ್ಲಿ ಗುಡ್ಲಿನ ಮಗು ಯಾವುದೂ ಲೆಕ್ಕದಿಂದ ತಪ್ಪಿಹೋಗಲಿಲ್ಲ.

ನರ್ಸಮ್ಮನನ್ನು ಹುಡುಕಿಕೊಂಡು ನಾನು ಹೋಗಲಿಲ್ಲ. ಕೆಲಸ, ಕುರಿ, ಮಕ್ಕಳು... ಸಬೂಬು ಬೇಕಾದಷ್ಟಿದ್ದವು. ಮೊನ್ನೆ ಆ ಸೀದ ಗಂಜಿ ಮೂಗಿಗೆ ಬಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಪಾವಗಡದ ರಾಯಚರ್ಲು ಕಡೆಯಿಂದ ಟಗರು ಕೊಳ್ಳೋಕೆ ಒಬ್ಬ ಬಂದಿದ್ದ. ನರ್ಸಮ್ಮನ ಊರು, ಮನೆತನ ಹೇಳಿ ವಿಚಾರಿಸಿದೆ. “ಆ ನರ್ಸಮ್ಮನಾ? ಹೋಗಿ ಎರಡು ವರ್ಷ ಆಯ್ತಲ್ಲಮ್ಮ” ಅಂದ. ಟಗರಿನ ಹಲ್ಲು ನೋಡುತ್ತಲೇ ಅಂದ.

ಹಿತ್ತಲಿಗೆ ಹೋಗಿ ಸೊಸೆಗೆ ತಲೆ ಮೇಲೆ ನೀರು ಹುಯ್ಯಿ ಅಂದೆ.

“ಅವರೇನು ನಮ್ಮ ಕುಲವಾ, ನೆಂಟರಾ? ಅದೂ ಎರಡು ವರ್ಷ ಆದ್ಮೇಲೆ. ಜನ ಏನಂತಾರತ್ತೆ?”

“ಹುಯ್ತೀಯೋ, ನಾನೇ ಹುಯ್ಕಳ್ಲೋ?”

ಹುಯ್ದಳು. ಮೂರು ಕೊಡ ತಣ್ಣೀರು. ಅವತ್ತು ಮನೇಲಿ ಒಲೆ ಹಚ್ಚಬೇಡಿ ಅಂದೆ, ಹಚ್ಚಲಿಲ್ಲ. ಮೊಮ್ಮಗಳು ಶಾಲೆಯಿಂದ ಬಂದವಳೇ ಹಸಿವು ಅಂತ ಕೂತಳು. ಬಾಳೆಹಣ್ಣು ಕೊಟ್ಟೆ.

“ಯಾರು ಸತ್ತರಜ್ಜಿ?” ಅಂದಳು.

ನಮ್ಮೋರು ಅಂದೆ.