ಅವ್ವನ ಹಾಡಿನ ಮೇಲೆ ಕೊಳಲು

ಶರಣವ್ವನ ಗಂಡ ಶಿವರಾಜನಿಗೆ ಮಾತು ಕಂಡರೆ ಆಗುತ್ತಿರಲಿಲ್ಲ, ಆಡುವವನು ತಾನಾಗಿದ್ದರೆ ಮಾತ್ರ ಬೇರೆ. ಅಮೆರಿಕದ ಎವರ್‌ಗ್ರೀನ್ ಬಡಾವಣೆಯ ಉತ್ತರ ಕರ್ನಾಟಕದ ಮನೆಗಳಲ್ಲಿ ಹುಟ್ಟುಹಬ್ಬ, ಬಸುರಿಯ ಕುಬಸ, ಗೃಹಪ್ರವೇಶ ಏನೇ ನಡೆಯಲಿ, ಫೋಟೋಗಳನ್ನೂ ವಿಡಿಯೋ ತುಣುಕುಗಳನ್ನೂ ಪೋಣಿಸಿ ಸ್ಲೈಡ್‌ಶೋ ಮಾಡಿಕೊಡುವವನು ಅವನೇ. ಬಿಟ್ಟಿಯಾಗಿ ಮಾಡಿಕೊಡುತ್ತಿದ್ದ, ಹಾಗಾಗಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅವನದೊಂದೇ ಕಾಯಿದೆ: ತುಣುಕಿನ ಸದ್ದು ಪೂರ್ತಿ ಅಡಗಿಸಿ, ಮೇಲೆ ಕೊಳಲು ಹಾಕುವುದು. ಮಗುವಿನ ಮೊದಲ ತೊದಲು, ಅಜ್ಜನ ಆಶೀರ್ವಾದ, ಎಲ್ಲದರ ಮೇಲೂ ಅದೇ ಕೊಳಲು. ಜನ ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಶರಣವ್ವನಂತೂ ಕಟ್ಟಿದವಳಲ್ಲ. ಗದಗಿನಲ್ಲಿ ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ. ಹಗಲೆಲ್ಲ ಡೇಕೇರಿನಲ್ಲಿ ಕಂಡವರ ಮಕ್ಕಳನ್ನು ಗದರಿಸಿ, ಮುದ್ದು ಮಾಡಿ, ಹಾಡು ಹೇಳಿ ಮಲಗಿಸುವ ಹೆಂಗಸು ಮನೆಯ ಬಾಗಿಲು ದಾಟಿದೊಡನೆ ಮೂಗಿಯಾಗುತ್ತಿದ್ದಳು. ಸ್ಯಾನ್ ಮಟಿಯೋದ ಆಫೀಸಿನಿಂದ ಶಿವರಾಜ ಟ್ರಾಫಿಕ್ಕಿನ ಸಿಟ್ಟನ್ನೂ ಹೊತ್ತು ಬರುತ್ತಿದ್ದ. ಅದನ್ನು ಇಳಿಸುವ ಜಾಗ ಇವಳೇ. ಇವಳು ಉಗುಳು ನುಂಗಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅದಕ್ಕೆ ಜನ ತಾಳ್ಮೆ ಎಂದು ಹೆಸರಿಟ್ಟಿದ್ದರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಅವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟೇ.

ಶಿವರಾಜನಿಗೆ ಅರವತ್ತು ತುಂಬುವುದಿತ್ತು. ತನ್ನ ಸ್ಲೈಡ್‌ಶೋವನ್ನು ಬೇರೆಯವರ ಕೈಗೆ ಕೊಡುತ್ತಾನೆಯೇ? ಮದುವೆಯ ಹಳೇ ವಿಡಿಯೋ ಕ್ಯಾಸೆಟ್ಟನ್ನು ಓಕ್ಲ್ಯಾಂಡಿನ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಹಾಕಿಸಿದ, ಕ್ಯಾಸೆಟ್ಟನ್ನು ಕಸದ ಡಬ್ಬಿಗೆ ಎಸೆದ. ಆ ಮದುವೆಯಲ್ಲಿ ಶರಣವ್ವನ ತಾಯಿ ದ್ಯಾಮವ್ವ ಬೀಗರ ಹಾಡು ಹಾಡಿದ್ದಳು. ದ್ಯಾಮವ್ವ ತೀರಿಕೊಂಡು ನಾಲ್ಕು ವರ್ಷ. ಅವಳ ಧ್ವನಿ ಬೇರೆಲ್ಲೂ ಉಳಿದಿರಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವಾಗ ಅದನ್ನು ಹಿಡಿದಿಡಬೇಕೆಂದು ಯಾರಿಗೆ ಹೊಳೆಯುತ್ತದೆ?

"ನಮ್ಮವ್ವನ ಹಾಡು ಬಂದೈತೇನ್ರಿ?" ಎಂದು ಆಸೆಯಿಂದ ಕೇಳಿದಳು.

"ಕ್ಯಾಸೆಟ್ ಹಾಳಾಗಿತ್ತು. ಧ್ವನಿ ಹೋಗೈತಿ," ಎಂದ.

ನಂಬಿದಳು, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಎರಡು ದಿನದ ಮೇಲೆ ಮಗಳು ಬಿಂದುಶ್ರೀ ಅಪ್ಪನ ಲ್ಯಾಪ್‌ಟಾಪಿನಲ್ಲಿ ಫೋಟೋಗಳ ತಾರೀಕು ಸರಿಪಡಿಸುತ್ತಿದ್ದವಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು.

"ಅಮ್ಮಾ, ಆಡಿಯೋ ಈಸ್ ದೇರ್. ಅಪ್ಪ ವಾಲ್ಯೂಮು ಝೀರೋ ಮಾಡಿದಾರೆ, ಅಷ್ಟೇ."

ಸುಳ್ಳಿಗೆ ಕಾರಣ ಶರಣವ್ವನಿಗೆ ತಕ್ಷಣ ಗೊತ್ತಾಯಿತು. ವರದಕ್ಷಿಣೆಯ ಸ್ಕೂಟರು ಬಂದ ಹೊರತು ಊಟಕ್ಕೆ ಏಳುವುದಿಲ್ಲ ಎಂದು ಮದುವೆಯ ದಿನ ಹಟ ಹಿಡಿದು ಕೂತ ವರ ಇವನೇ. ದ್ಯಾಮವ್ವ ಅದನ್ನೇ ಹಾಡು ಕಟ್ಟಿ ಊರಿಗೆಲ್ಲ ಕೇಳಿಸಿದ್ದಳು. ಬೀಗರ ಹಾಡೆಂದರೆ ಬೀಗರನ್ನು ಕಿಚಾಯಿಸುವುದೇ, ಕೇಳಿದವರು ನಕ್ಕು ಮರೆಯುತ್ತಾರೆ. ಕುಂಬಳಕಾಯಿ ಕಳ್ಳ ಮಾತ್ರ ಮೂವತ್ತು ವರ್ಷದ ಮೇಲೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ತುಣುಕನ್ನು ಬಿಟ್ಟುಬಿಡಬಹುದಿತ್ತು. ಆದರೆ ಅದರಲ್ಲಿ ಅವನು ಪೇಟ ಸುತ್ತಿಕೊಂಡು ಚಂದ ಕಾಣುತ್ತಿದ್ದ.

"ನನಗೊಬ್ಬಾಕಿಗೇ ಒಮ್ಮೆ ಕೇಳಸ್ರಿ," ಎಂದು ಕೇಳಿದಳು.

"ಮಂದ್ಯಾಗ ನನ್ನ ಮಾನ ಕಳದ ಮುದುಕಿ ಆಕಿ. ಫಂಕ್ಷನ್ ಮುಗೀಲಿ, ಆ ಫೈಲನ್ನ ಡಿಲೀಟ್ ಮಾಡ್ತೀನಿ. ಸುಮ್ನ ಕೂಡು."

"ಮಾನ ಕಳದಾಕಿ ನಮ್ಮವ್ವ ಅಲ್ರಿ. ಊಟ ಬಿಟ್ಟು ಕುಂತಾವ್ರು ಯಾರು?"

ಶಿವರಾಜ ಲೋಟ ಬೀಸಿ ಒಗೆದ. ಅಂದೇ ಲ್ಯಾಪ್‌ಟಾಪಿನ ಪಾಸ್‌ವರ್ಡು ಬದಲಾಯಿತು. ಆಮೇಲೆ ಒಂಬತ್ತು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದೇ ಕಾರಿನಲ್ಲಿ ಗ್ರೋಸರಿಗೆ ಹೋಗಿ, ಒಂದೇ ಗಾಡಿ ತಳ್ಳಿ, ಎರಡು ಮನೆಯವರಂತೆ ಬೇರೆ ಬೇರೆ ಮೊಸರು ತಂದರು. ಶರಣವ್ವನ ತಲೆಯಲ್ಲಿ ಒಂದೇ ಲೆಕ್ಕ: ಫಂಕ್ಷನ್ ಮುಗಿದರೆ ಅವ್ವ ಎರಡನೇ ಸಲ ಸಾಯುತ್ತಾಳೆ.

ಫಂಕ್ಷನ್ನಿನ ಭಾನುವಾರ ಸಭಾಂಗಣದಲ್ಲಿ ನೂರೈವತ್ತು ಜನ. ಶಿವರಾಜ ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡೇ ಕೂತಿದ್ದ. ಕೊನೆಗಳಿಗೆಯವರೆಗೂ ತಿದ್ದುವ ಚಟ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಪರದೆಯ ಮೇಲೆ ಅವನ ಬಾಲ್ಯ, ಅವನ ಕಾಲೇಜು, ಅವನ ಮೊದಲ ಕಾರು. ಆಮೇಲೆ ಮದುವೆ. ಹಂದರದ ಕೆಳಗೆ ದ್ಯಾಮವ್ವ ಬಾಯಿ ತೆರೆದು ಹಾಡುತ್ತಿದ್ದಳು, ಅವಳ ಬಾಯಿಂದ ಕೊಳಲು ಬರುತ್ತಿತ್ತು.

ನಿರೂಪಣೆಗೆ ನಿಂತಿದ್ದ ಗುರುಕಿರಣ್ ಎಂಬ ಪಕ್ಕದ ಬೀದಿಯ ಹುರುಪಿನ ಯುವಕ ಅಲ್ಲಿಗೇ ನಿಲ್ಲಿಸಲು ಕೂಗಿ ಹೇಳಿದ. "ಮದುವಿ ಸೀನ್ ಬಂತು! ಶರಣವ್ವ ವೈನಿ, ಈಗ ಒಂದು ಒಡಪು ಆಗ್ಲೇಬೇಕು!"

ಹೆಂಗಸರೆಲ್ಲ ಹೋ ಎಂದರು. ಶರಣವ್ವನ ಕಡೆಯಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ. ಇಂಥ ಸಮಾರಂಭಗಳಲ್ಲಿ ಮಾತ್ರ ಪ್ರಾಸ ಕಟ್ಟಿ, ಒಡಪಿನೊಳಗೆ ಹೆಸರನ್ನು ಅಡಗಿಸಿ, ನಾಚಿಕೊಂಡು ಹೇಳಬೇಕು. ಗುರುಕಿರಣ್ ಮೈಕು ಅವಳ ಕೈಗಿಟ್ಟ.

ಶರಣವ್ವ ನಾಚಲಿಲ್ಲ.

"ಶಿವರಾಜ," ಎಂದಳು. "ನಮ್ಮವ್ವನ ಧ್ವನಿ ಬಿಡು."

ನಗಲು ಬಾಯಿ ತೆರೆದವರು ಹಾಗೇ ಉಳಿದರು. ದ್ಯಾಮವ್ವನ ವಯಸ್ಸಿನ ಒಬ್ಬ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಏನಂದಿ?" ಎಂದ ಶಿವರಾಜ.

"ಶಿವರಾಜ, ಧ್ವನಿ ಐತಿ, ನೀನಽ ಮುಚ್ಚೀದಿ. ಬಿಡು ಅಂದೆ."

ನೂರೈವತ್ತು ಮುಖಗಳು ಅವನತ್ತ ತಿರುಗಿದವು. ಇನ್ನು ಇಲ್ಲವೆಂದರೆ ಇದ್ದ ಮಾನವೂ ಹೋಗುತ್ತದೆಂದು ಅವನಿಗೆ ತಿಳಿಯಿತು. ಹಲ್ಲು ಕಡಿಯುತ್ತ ಕೊಳಲು ಇಳಿಸಿದ, ಸದ್ದು ಏರಿಸಿದ, ತುಣುಕನ್ನು ಮೊದಲಿನಿಂದ ಬಿಟ್ಟ.

ಸ್ಪೀಕರು ಗೊರಗೊರ ಎಂದಿತು. ಆಮೇಲೆ ದ್ಯಾಮವ್ವ ಬಂದಳು, ಗಂಟಲು ದಪ್ಪ, ತುಂಟತನ ಹಾಗೇ ಇತ್ತು:

"ಅಳಿಯ ಮುನಿಸ್ಯಾನ ಹಂದರದ ಕಂಬಕ್ಕ ಒರಗಿ,
ಸ್ಕೂಟರ ಬರುತನಕ ಉಣ್ಣೆನೆಂದಾನ, ನಮ್ಮ
ಎತ್ತು ಮಾರೀವಿ, ಏಳೋ ಮಾರಾಯಾ!"

ಸಭಾಂಗಣವೆಲ್ಲ ಗೊಳ್ಳೆಂದಿತು. ಶಿವರಾಜನ ಕಿವಿ ಕೆಂಪಾಯಿತು. ಶರಣವ್ವ ಅವನನ್ನು ನೋಡಲೂ ಇಲ್ಲ. ಉಳಿದ ಹಾಡಿಗಾಗಿ ಪರದೆಯನ್ನೇ ನೋಡುತ್ತ ನಿಂತಿದ್ದಳು. ಪರದೆಯ ಮೇಲೆ ದ್ಯಾಮವ್ವ ಮುಂದಿನ ನುಡಿಗೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕ್ಯಾಮೆರಾದ ಪಕ್ಕದಿಂದಲೇ ಒಂದು ಹುಡುಗಿಯ ದನಿ ಬಂತು, ಗಾಬರಿಯ ದನಿ.

"ಯವ್ವಾ, ಸಾಕು ಮಾಡು. ಅವ್ರು ಸಿಟ್ಟಾಗ್ತಾರ. ಬಾಯಿ ಮುಚ್ಚು ನೀ."

ದ್ಯಾಮವ್ವ ಮಗಳ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿದಳು. ಆಮೇಲೆ ಕೇಳಿಸಿದ್ದು ಪಾತ್ರೆಗಳ ಸದ್ದು ಮಾತ್ರ.

ಅದನ್ನು ತಾನು ಆಡಿದ್ದು ಶರಣವ್ವನಿಗೆ ನೆನಪೇ ಇರಲಿಲ್ಲ. ಗಂಡನ ಮೇಲೂ ಮೂವತ್ತು ವರ್ಷದಲ್ಲಿ ಬಾರದಿದ್ದಷ್ಟು ಸಿಟ್ಟು ಆ ಹುಡುಗಿಯ ಮೇಲೆ ಬಂತು.