ಸವಣೂರಿನ ಬಿಸಿಲಿಗೆ ಚಳಿ ಕಾಯಿಸುವ ಒಲೆ

ಹೋದ ವಾರದ ನನ್ನ ಅಂಕಣ ನನಗೇ ವಾಪಸ್ ಬಂತು. ಅಂಚೆಯಲ್ಲಿ ಅಲ್ಲ. ವೀಳ್ಯದೆಲೆಯ ಪೊಟ್ಟಣವಾಗಿ.

ಸವಣೂರಿನ ಹಳೇ ಮಾರ್ಕೆಟ್ ಹಾಲ್ ಮುಂದೆ ಮಾಬೂಬವ್ವ ಎಷ್ಟೋ ವರ್ಷದಿಂದ ಎಲೆ ಮಾರುತ್ತಾಳೆ. ನಾನು ಅವಳ ಖಾಯಂ ಗಿರಾಕಿ. ಮೊನ್ನೆ ಎಲೆ ಕೇಳಿದರೆ ಪೊಟ್ಟಣ ಕೈಗಿಟ್ಟು ಮುಖ ತಿರುಗಿಸಿದಳು. ಬಿಚ್ಚಿ ನೋಡಿದೆ. ಒದ್ದೆ ಕಾಗದದ ಮೇಲೆ ನನ್ನದೇ ಹೆಸರು!

ನಾನು ಬರೆದದ್ದೇನು? (ನೀವು ಮರೆತಿರಬಹುದು, ಅವಳು ಮರೆತಿರಲಿಲ್ಲ.) ವಿಕ್ಟೋರಿಯಾ ರಾಣಿಯ ಕಾಲದ ಈ ಕಲ್ಲುಕಟ್ಟಡ ಕೆಡವಿ ಕಾಂಕ್ರೀಟ್ ಮಾರ್ಕೆಟ್ ಕಟ್ಟಿರಿ ಎಂದಿದ್ದೆ. ಸ್ವಾತಂತ್ರ್ಯ ಬಂತು, ಏಕೀಕರಣವೂ ಆಯಿತು. ಇನ್ನೂ ರಾಣಿಯ ಕಮಾನಿನ ಕೆಳಗೇ ಬದನೆಕಾಯಿ ಮಾರಬೇಕೇ?

ಹಾಲ್ ಹಿಂಬದಿಗೆ ಅಂಟಿಕೊಂಡಿರುವ ಹಳೆಯ ಸೆರೆಯಂಗಡಿಯನ್ನಂತೂ ಮನಸಾರೆ ಗೇಲಿ ಮಾಡಿದ್ದೆ. ಕಟ್ಟಿಸಿದ ಬಿಳಿ ಎಂಜಿನಿಯರ್ ತನ್ನೂರಿನ ಪ್ಲಾನನ್ನು ಹಾಗೇ ಇಲ್ಲಿಗೆ ತಂದಿದ್ದ. ಕುಡಿಯಲು ಬಂದವರು ಚಳಿ ಕಾಯಿಸಿಕೊಳ್ಳಲಿ ಎಂದು ಗೋಡೆಯೊಳಗೆ ಆಳೆತ್ತರದ ಒಲೆ, ಅದರ ಮೇಲೆ ಹೆಂಚಿನ ಮಾಡನ್ನೂ ಮೀರಿ ನಿಂತ ಕಲ್ಲಿನ ಹೊಗೆಗೂಡು. ಸವಣೂರಿನಲ್ಲಿ ಯಾರಿಗಪ್ಪಾ ಅಷ್ಟು ಚಳಿ? ದಾರೂಬಂದಿ ಬಂದು ಸೆರೆ ಮಾರುವುದು ನಿಂತ ಮೇಲೆ ಆ ಕೋಣೆ ಪಾಳುಬಿದ್ದಿದೆ ಎಂದೂ ಸೇರಿಸಿದ್ದೆ.

ಒಳಗೆ ಹೋಗಿ ನೋಡಿ ಬರೆದೆನೇ? ಇಲ್ಲ. ಸಾಲಿ ಮಾಸ್ತರನಾದವನು ಸೆರೆಯಂಗಡಿಯ ಹೊಸ್ತಿಲು ದಾಟುವುದೇ?

ಆದರೆ ಮಾರ್ಕೆಟ್ ಕಮಿಟಿಯವರಿಗೆ ಅಂಕಣ ಬಹಳ ಹಿಡಿಸಿತ್ತು. ಗುರುವಾರ ಮೀಟಿಂಗ್. ಕೆಡವುವುದು ಹೆಚ್ಚುಕಡಿಮೆ ಖಾತ್ರಿಯಾಗಿತ್ತು.

"ಮಾಸ್ತರ, ಮೊಮ್ಮಗಳು ಓದಿ ಹೇಳಿದ್ಳರಿ. ನೀವು ಒಳಗ ಯಾವಾಗರೆ ಬಂದೀರೇನು?" ಎಂದಳು ಮಾಬೂಬವ್ವ.

"ಇಲ್ಲವ್ವಾ."

"ಹಂಗಾರ ಈಗ ಬರ್ರಿ."

ನಡುಮಧ್ಯಾಹ್ನ. ರಸ್ತೆಯ ಮಣ್ಣು ಚಪ್ಪಲಿಯೊಳಗೂ ಸುಡುತ್ತಿತ್ತು. ಸೆರೆಯಂಗಡಿಯೊಳಗೆ ಕಾಲಿಟ್ಟೆ, ಮೈ ತಣ್ಣಗಾಯಿತು. ಪಾಳು ಎಲ್ಲಿ? ಹಿಂದೆ ಗ್ಲಾಸು ಇಡುತ್ತಿದ್ದ ಉದ್ದನೆಯ ಮರದ ಕಟ್ಟೆಯ ಮೇಲೆ ಹೆಂಗಸರು ಎಲೆ ಆರಿಸಿ ಜೋಡಿಸುತ್ತಿದ್ದರು. ನೆಲದ ತುಂಬ ಎಲೆಯ ಬುಟ್ಟಿಗಳು. ತಗ್ಗಿನ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಟ್ಟು. ಮುಂಜಾನೆ ತೋಟದಲ್ಲಿ ಕಿತ್ತ ಎಲೆ ಸಂಜೆ ಪುಣೆಯ ರೈಲಿಗೆಂದು ಯಲವಿಗಿ ಸ್ಟೇಷನ್ನಿಗೆ ಹೋಗುವವರೆಗೆ ಇಲ್ಲೇ ಇರುತ್ತದಂತೆ.

ಮಾಬೂಬವ್ವ ಒಂದು ಊದಿನಕಡ್ಡಿ ಹಚ್ಚಿ ಕೋಣೆಯ ನಡುವೆ ಹಿಡಿದಳು. "ಹೊಗಿ ಎತ್ತಾಗ ಹೊಂಟೈತಿ ನೋಡ್ರಿ."

ಹೊಗೆ ಸೀದಾ ಒಲೆಯೊಳಗೆ ನುಗ್ಗಿ ಮೇಲಕ್ಕೆ ಹೋಯಿತು. ಬಿಸಿಲಿಗೆ ಕಾದ ಹೊಗೆಗೂಡು ಒಳಗಿನ ಬಿಸಿಗಾಳಿಯನ್ನು ಎಳೆದು ಹೊರಗೆ ಚೆಲ್ಲುತ್ತಿತ್ತು. ಅದರ ಜಾಗಕ್ಕೆ ಒದ್ದೆ ಗೋಣಿಯ ಮೂಲಕ ತಂಪುಗಾಳಿ ಬರುತ್ತಿತ್ತು. ಬಿಸಿಲು ಹೆಚ್ಚಾದಷ್ಟೂ ಎಳೆತ ಹೆಚ್ಚು!

"ಬೆಂಕಿ ಹಚ್ಚಾಕ ಮಾಡಿದ ಒಲಿರಿ ಇದು. ನಾವು ಒಂದ ದಿನಾನೂ ಹಚ್ಚಿಲ್ಲ. ಆದ್ರ ಇದು ಇಲ್ಲಂದ್ರ ನಮ್ಮ ಎಲಿ ಪುಣೆ ಮುಟ್ಟಂಗಿಲ್ಲ. ಕಾಂಕ್ರೀಟ್ ಕ್ವಾಣ್ಯಾಗ ಇಟ್ರ ಸಂಜಿಮಟ ಬಾಡಿ ಹೋಗ್ತಾವು. ನಾಲ್ವತ್ತು ಮನಿ ಇದರ ಮ್ಯಾಲ ಅದಾವ್ರಿ, ಮಾಸ್ತರ."

ನಾಲ್ಕು ಜನರನ್ನು ನಗಿಸಲು ನಲವತ್ತು ಮನೆಗಳ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆನಲ್ಲ!

ಸೀದಾ ಕಮಿಟಿ ಚೇರ್ಮನ್ನರ ಮನೆಗೆ ಓಡಿದೆ. ಅವರು ನಕ್ಕರು. "ಹೋದ ವಾರ ಕೆಡವ್ರಿ ಅಂದ್ರಿ, ಈ ವಾರ ಬ್ಯಾಡ ಅಂತೀರಿ. ಯಾವ ಮಾಸ್ತರನ್ನ ನಂಬೂಣ್ರಿ?"

"ನನ್ನ ನಂಬಬ್ಯಾಡ್ರಿ. ಮೀಟಿಂಗ್ ಆ ಕ್ವಾಣ್ಯಾಗ ಇಟ್ಕೊಳ್ರಿ, ಮಧ್ಯಾಹ್ನ ಎರಡಕ್ಕ," ಎಂದು ಕೈಮುಗಿದೆ.

ಗುರುವಾರ ಕಮಿಟಿ ಸೆರೆಯಂಗಡಿಯಲ್ಲಿ ಕುಳಿತಿತು. ಬಾಗಿಲ ಬಳಿ ನಾನೂ ಮಾಬೂಬವ್ವನೂ. ಓವರ್‌ಸೀಯರ್ ಕಾಂಕ್ರೀಟಿನ ಪ್ಲಾನ್ ಬಿಚ್ಚಿ ಓದತೊಡಗಿದರು. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಒಬ್ಬ ಮೆಂಬರು ಆ ತಂಪಿಗೆ ತೂಕಡಿಸಿ ಮರದ ಕಟ್ಟೆಗೆ ತಲೆಯಿಟ್ಟರು. ಮೂರನೆಯದಕ್ಕೆ ಚೇರ್ಮನ್ನರ ರುಮಾಲು ಮೂಗಿನ ಮೇಲೆ ಜಾರಿತು. (ಒಂದು ಹನಿ ಕುಡಿಯದೆ ಸೆರೆಯಂಗಡಿಯಲ್ಲಿ ಉರುಳಿದ ಮೊದಲ ಗಿರಾಕಿಗಳು ಇವರೇ ಇರಬೇಕು.)

ಓವರ್‌ಸೀಯರ್ ಕೆಮ್ಮಿದರು. ಚೇರ್ಮನ್ನರು ಕಣ್ಣು ಬಿಟ್ಟು, ಒಲೆ ನೋಡಿದರು, ಬುಟ್ಟಿಗಳನ್ನು ನೋಡಿದರು. "ಒಡದ ಹೆಂಚು ಅಷ್ಟ ಬದಲಿ ಮಾಡಸ್ರಿ. ಇದನ್ಯಾಕ ಕೆಡವಬೇಕು?" ಅಂದರು.

ಮಾಬೂಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ?

ಆ ಎಂಜಿನಿಯರಿನ ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಇಲ್ಲೇ ಅವನಿಗೊಂದು ನಮಸ್ಕಾರ ಬರೆಯುತ್ತಿದ್ದೆ. ದೊಡ್ಡ ನಮಸ್ಕಾರ ಮಾತ್ರ ಮಾಬೂಬವ್ವನಿಗೆ. ಎಲೆ ಕೊಡಲ್ಲ ಹೋಗ್ರಿ ಎಂದು ಗದರಿಸಿ ಕಳಿಸಬಹುದಿತ್ತು. ಒಳಗೆ ಕರೆದು ತೋರಿಸಿದಳು.

ಈ ಅಂಕಣದಲ್ಲೂ ಅವಳು ಎಲೆ ಕಟ್ಟಿಯೇ ಕಟ್ಟುತ್ತಾಳೆ. ಕಟ್ಟಲಿ ಬಿಡಿ, ಒಳಗಿನ ಎಲೆ ಬಾಡದಿದ್ದರೆ ಸಾಕಲ್ಲವೇ?